ಕಾಲು ಒದ್ದೆಯಾದ ಮೇಲೆ

ಕರಾವಳಿಯ ಮಳೆಗಾಲದಲ್ಲಿ ಬಚ್ಚಲೊಲೆ ಆರುವುದಿಲ್ಲ. ಹಂಡೆಯ ನೀರು ಕಾಯಲೆಂದು ಬೆಳಗ್ಗೆ ತುರುಕಿದ ಕೊತ್ತಳಿಗೆ ಸಂಜೆಯ ತನಕ ಹೊಗೆಯಾಡುತ್ತಿರುತ್ತದೆ. ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗದ ಬಟ್ಟೆಗಳು ಆ ಹೊಗೆ ಕುಡಿಯುತ್ತ ತೂಗುತ್ತವೆ. ಕತ್ತಲಾದ ಮೇಲೆ ಎರಡು ಗೆರಟೆ ಹಾಕಿ ಊದಿದರೆ ಬೆಂಕಿ ಮತ್ತೆ ಏಳುತ್ತದೆ. ನಮ್ಮ ಮನೆಯ ದೊಡ್ಡ ಮಾತುಗಳೆಲ್ಲ ಆ ಒಲೆಯ ಮುಂದೆಯೇ ಆದವು. ಅಪ್ಪ ಹೋದ ಮೇಲೆ ನಾವು ಎಲ್ಲಿಗೆ ಹೋಗಬೇಕು ಎಂಬುದೂ ಅಲ್ಲೇ ತೀರ್ಮಾನವಾಯಿತು.

ಅದು 1974. ನನಗೆ 11 ವರ್ಷ, ತಮ್ಮನಿಗೆ 6. ನೇತ್ರಾವತಿಯ ದಂಡೆಯ ಒಂದು ಹಂಚಿನ ಕಾರ್ಖಾನೆಯ ಲೈನ್ ಮನೆಯಲ್ಲಿ ನಾವಿದ್ದೆವು. ಗೋಡೆಗೆ ಗೋಡೆ ತಾಗಿಕೊಂಡ ಮನೆಗಳು. ಒಬ್ಬರ ಮನೆಯ ಮೀನು ಸಾರಿನ ವಾಸನೆ ಆರು ಮನೆಗಳಿಗೂ ಗೊತ್ತಾಗುತ್ತಿತ್ತು. ಅಪ್ಪನ ಕೆಲಸ ಭಟ್ಟಿಯಲ್ಲಿ. ಹೊಳೆಯ ದಂಡೆಯ ಜೇಡಿಮಣ್ಣನ್ನು ಮಳೆಗೆ ಮೊದಲೇ ಅಗೆದು ರಾಶಿ ಹಾಕುತ್ತಿದ್ದರು. ಅದನ್ನು ಅರೆದು, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿದ ಮೇಲೆ ಭಟ್ಟಿಯೊಳಗೆ ಜೋಡಿಸಿ ಬಾಯಿ ಮುಚ್ಚಿ ಬೆಂಕಿ ಕೊಡಬೇಕು. ಒಮ್ಮೆ ಬೆಂಕಿ ಹಾಕಿದರೆ ಹಗಲೂ ರಾತ್ರಿಯೂ ಕಾಯಬೇಕು. ಬೆಂಕಿ ಕಡಿಮೆಯಾದರೆ ಹಂಚು ಹಸಿಯಾಗಿ ಉಳಿಯುತ್ತದೆ, ಹೆಚ್ಚಾದರೆ ಸೊಟ್ಟಗಾಗುತ್ತದೆ. ಬೆಂಕಿಯ ಬಣ್ಣ ನೋಡಿ ಹೇಳುವ ಕಣ್ಣು ಅಪ್ಪನದು.

ಜೂನ್ ತಿಂಗಳ ಒಂದು ಬೆಳಗ್ಗೆ ರಾತ್ರಿ ಪಾಳಿ ಮುಗಿಸಿ ಬಂದವರು ಹೊಸ್ತಿಲ ಮೇಲೆ ಕುಳಿತು ಎದೆ ಹಿಡಿದಂತಿದೆ ಎಂದರು, ನೀರು ಕೇಳಿದರು. ಅಮ್ಮ ಚೆಂಬು ತರುವಷ್ಟರಲ್ಲಿ ಬಾಗಿಲ ದಾರಂದಕ್ಕೆ ತಲೆ ಒರಗಿಸಿದ್ದರು. ಅಷ್ಟೇ. 40 ತುಂಬಿರಲಿಲ್ಲ.

ಜನ ಬಂದರು. ನಮ್ಮ ಕ್ರೈಸ್ತ ಸಭೆಯವರು ಒಳ್ಳೆಯವರು, ದಿನಕ್ಕೆ ಎರಡು ಹೊತ್ತು ಯಾರಾದರೂ ಬಂದು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಕರ್ತನು ಕರೆದುಕೊಂಡ ಎಂದರು, ನಿದ್ರಿಸಿದ್ದಾರೆ ಎಂದರು, ಒಳ್ಳೆಯ ಸ್ಥಳದಲ್ಲಿದ್ದಾರೆ ಎಂದರು. ಎಲ್ಲವೂ ಪ್ರೀತಿಯಿಂದ ಹೇಳಿದ ಮಾತುಗಳೇ. ಆದರೆ ಅಮ್ಮ ಅಳಲಿಲ್ಲ. ಒಳಕೋಣೆಯ ಬಾಗಿಲ ಹಿಂದೆ ಕುಳಿತು ಕೈಯ ಗೆರೆಗಳನ್ನು ನೋಡುತ್ತಿದ್ದಳು. ನಾವು ಕರೆದರೆ ಏಳುತ್ತಿದ್ದಳು, ಗಂಜಿ ಬಡಿಸುತ್ತಿದ್ದಳು, ಮತ್ತೆ ಅಲ್ಲೇ ಹೋಗಿ ಕುಳಿತುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಒಂದು ದಿನ ಅವಳ ಕೈ ಹಿಡಿದು, ನೀನು ಸತ್ಯವೇದದ ರೂತಳ ಹಾಗೆ ಅತ್ತೆಯನ್ನು ನೋಡಿಕೋ ಎಂದಳು. ಅಮ್ಮ ಕೈ ಬಿಡಿಸಿಕೊಂಡಳು.

ಆಗ ಒಲೆಯ ಮುಂದಿದ್ದ ಅಜ್ಜಿ ತಲೆ ಎತ್ತಿದಳು. ಸತ್ತಿದ್ದು ಅವಳ ಮಗ, ಇದ್ದೊಬ್ಬ ಮಗ. ಇದನ್ನು ನಾವು ಮಕ್ಕಳು ಆಗ ನೆನಪಿಟ್ಟುಕೊಂಡಿರಲಿಲ್ಲ. ಬಂದವರೆಲ್ಲ ಅಮ್ಮನನ್ನು ವಿಧವೆಯೆಂದು, ನಮ್ಮನ್ನು ತಬ್ಬಲಿಗಳೆಂದು ಮರುಗುತ್ತಿದ್ದರು. ಮಗನನ್ನು ಮಣ್ಣು ಮಾಡಿ ಬಂದ ಮುದುಕಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಅವಳು ಆ ಹೆಂಗಸಿಗೆ ಮೆಲ್ಲಗೆ ಹೇಳಿದಳು: ರೂತಳ ಕಥೆ ಇರಲಿ, ಅದಕ್ಕೆ ಮೊದಲು ಅವಳ ಅತ್ತೆ ನೊವೊಮಿಯ ಕಥೆ ಇದೆ. ಬೇತ್ಲೆಹೇಮಿಗೆ ಹಿಂದಿರುಗಿದಾಗ ಆಕೆ ಊರಿನ ಹೆಂಗಸರಿಗೆ ತನ್ನನ್ನು ನೊವೊಮಿ ಎನ್ನಬೇಡಿ, ಮಾರಾ ಎನ್ನಿ, ಅಂದರೆ ಕಹಿಯಾದವಳು ಎನ್ನಿ ಎಂದಳಲ್ಲ, ಅದನ್ನು ದೇವರು ತಪ್ಪು ಅನ್ನಲಿಲ್ಲ, ಅದನ್ನೂ ಪುಸ್ತಕದಲ್ಲಿ ಬರೆಸಿದ್ದಾನೆ. ಈ ಮನೆಯಲ್ಲೂ ಸ್ವಲ್ಪ ದಿನ ಕಹಿ ಇರಲಿ.

ಅಜ್ಜಿ ಮಿಶನ್ ಶಾಲೆಯಲ್ಲಿ ಓದು ಕಲಿತವಳು. ನಮ್ಮ ಮನೆಮಾತು ತುಳು, ಪ್ರಾರ್ಥನೆಯ ಮಾತು ಕನ್ನಡ. ದಪ್ಪ ಅಕ್ಷರದ ಕನ್ನಡ ಸತ್ಯವೇದವನ್ನು ಕಣ್ಣಿಗೆ ಹತ್ತಿರ ಹಿಡಿದು ಕನ್ನಡದಲ್ಲಿ ಓದುತ್ತಿದ್ದಳು, ಪುಸ್ತಕ ಮಡಿಲಿಗೆ ಇಳಿಸಿದ ಕೂಡಲೇ ತುಳುವಿನಲ್ಲಿ ಹೇಳತೊಡಗುತ್ತಿದ್ದಳು. ನನಗೆ ಆ ಎರಡು ಭಾಷೆಗಳ ನಡುವಿನ ಉಸಿರು ಇಂದಿಗೂ ಕೇಳಿಸುತ್ತದೆ. ಕನ್ನಡದಲ್ಲಿ ಮೋಶೆ ದೇವರ ಸೇವಕ, ತುಳುವಿಗೆ ಇಳಿದರೆ ನಮ್ಮ ಮನೆಯ ಹಿರಿಯ.

ಹತ್ತು ಹದಿನೈದು ದಿನ ಕಳೆದ ಮೇಲೆ ಕಾರ್ಖಾನೆಯ ಕಡೆಯಿಂದ ಒಬ್ಬರು ಬಂದರು. ಕೊಡೆ ಮಡಚದೆ ಅಂಗಳದಲ್ಲೇ ನಿಂತು, ಮನೆ ಕೆಲಸದಲ್ಲಿರುವವರಿಗೆ ಮಾತ್ರ, ಆಗಸ್ಟ್ ಮುಗಿಯುವ ಮೊದಲು ಬಿಟ್ಟುಕೊಡಬೇಕು ಎಂದರು. ಅಪ್ಪನ ಲೆಕ್ಕದ ಹಣ ಯಾವಾಗ ಬರುತ್ತದೆ ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹೊಳೆಯ ಆಚೆ, ಹರೇಕಳದ ಕಡೆ, ಅಪ್ಪನ ಸೋದರತ್ತೆಯ ಗುಡಿಸಲೊಂದು ಖಾಲಿ ಬಿದ್ದಿತ್ತು. ನಮಗಿದ್ದ ದಾರಿ ಅದೊಂದೇ. ಅಮ್ಮ ಕಾರ್ಕಳದ ಬಂಡೆಗಳ ನಾಡಿನವಳು, ನೀರೆಂದರೆ ಬಾವಿಯ ನೀರು ಮಾತ್ರ ಬಲ್ಲವಳು. ಮದುವೆಯಾಗಿ ಹೊಳೆದಂಡೆಗೆ ಬಂದ ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ದೋಣಿ ಹತ್ತಿರಲಿಲ್ಲ.

ಅಂದು ರಾತ್ರಿ ಅಜ್ಜಿ ನಮ್ಮನ್ನೆಲ್ಲ ಬಚ್ಚಲೊಲೆಯ ಮುಂದೆ ಕೂರಿಸಿದಳು. ಅಮ್ಮನನ್ನೂ ಕರೆದಳು. ಕೆಮ್ಮಣ್ಣಿನಲ್ಲಿ ಕಲಸಿಟ್ಟಿದ್ದ ಹಲಸಿನ ಬೀಜಗಳನ್ನು ತೊಳೆದು ಬೂದಿಯೊಳಗೆ ಹೂತಳು. ಯೆಹೋಶುವನ ಪುಸ್ತಕದ ಮೊದಲ ಅಧ್ಯಾಯ ತೆಗೆದಳು. ಎರಡು ವಾಕ್ಯ ಓದಿದಳೋ ಇಲ್ಲವೋ, ನಿಲ್ಲಿಸಿದಳು.

"ನೋಡು," ಎಂದು ಅಮ್ಮನಿಗೆ ಹೇಳಿದಳು, "ದೇವರು ಯೆಹೋಶುವನೊಂದಿಗೆ ಮಾತು ಶುರು ಮಾಡಿದ್ದು ಎಲ್ಲಿಂದ? ಮೋಶೆ ಸತ್ತ ಎಂಬಲ್ಲಿಂದ. ಮಲಗಿದ ಅನ್ನಲಿಲ್ಲ, ಕರೆದುಕೊಂಡೆ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ, ಏಳು, ಹೊಳೆ ದಾಟು ಅಂದ. ನಮ್ಮ ಮನೆಯಲ್ಲಿ ಈ ತನಕ ಒಬ್ಬರೂ ಆ ಮೊದಲನೆಯ ಮಾತು ಹೇಳಿಲ್ಲ. ಅದನ್ನು ಹೇಳದೆ ಎರಡನೆಯದು ಕಿವಿಗೆ ಬೀಳುವುದು ಹೇಗೆ?"

ಒಲೆಯ ಬೆಂಕಿಯನ್ನೇ ನೋಡುತ್ತ, ಯಾರಿಗೋ ವರದಿ ಒಪ್ಪಿಸುವವಳ ಹಾಗೆ ತುಳುವಿನಲ್ಲಿ ಹೇಳಿದಳು: "ಎನ್ನ ಮಗೆ ಸೈತೆ." ನನ್ನ ಮಗ ಸತ್ತ.

ಅಮ್ಮ ಅತ್ತಿದ್ದು ಆಗ. ನನಗೆ ಹೆದರಿಕೆಯಾಗುವಷ್ಟು ಅತ್ತಳು. ತಮ್ಮ ಬೂದಿಯಲ್ಲಿ ಬೀಜ ಕೆದಕುವುದನ್ನು ಬಿಟ್ಟು ಅವಳ ಬೆನ್ನಿಗೆ ಒರಗಿಕೊಂಡ. ಅಜ್ಜಿ ಸುಮ್ಮನಿರು ಎನ್ನಲಿಲ್ಲ. ಬೆಂಕಿ ಇಳಿದಾಗ ಮತ್ತೊಂದು ಗೆರಟೆ ಹಾಕಿದಳು, ಅಷ್ಟೇ. ಮೋಶೆಗಾಗಿ ಅವನ ಜನರು 30 ದಿನ ಅತ್ತರು, ಮೋವಾಬಿನ ಬಯಲಿನಲ್ಲಿ ಡೇರೆ ಹಾಕಿಕೊಂಡು ಅತ್ತರು, ಆ 30 ದಿನ ಅವರನ್ನು ಏಳಿ ಎಂದು ಯಾರೂ ಎಬ್ಬಿಸಲಿಲ್ಲ ಎಂದು ಮಾತ್ರ ಹೇಳಿದಳು. ನಮಗಿನ್ನೂ ಅಷ್ಟು ದಿನ ತುಂಬಿರಲಿಲ್ಲ.

ಅಮ್ಮನ ಬಾಯಿಂದ ಮಾತು ಬರಲು ಶುರುವಾದದ್ದು ಆ ರಾತ್ರಿಯ ನಂತರ. ಮೊದಲ ಮಾತೇ ಜಗಳದಂತಿತ್ತು. ಅವರ ಸಮಾಧಿ ಈ ದಡದಲ್ಲಿದೆ, ಅವರನ್ನು ಇಲ್ಲಿ ಬಿಟ್ಟು ನಾನು ಆಚೆಗೆ ಹೇಗೆ ಹೋಗಲಿ ಅತ್ತೆ, ಎಂದಳು. ಅಜ್ಜಿ ಕೂಡಲೇ ಉತ್ತರ ಕೊಡಲಿಲ್ಲ. ಮರುದಿನ ರಾತ್ರಿ ಧರ್ಮೋಪದೇಶಕಾಂಡದ ಕೊನೆಯ ಪುಟ ತೆಗೆದಳು. 120 ವರ್ಷದ ಮೋಶೆ ನೆಬೋ ಬೆಟ್ಟ ಹತ್ತಿ ಆಚೆ ದಡದ ನಾಡನ್ನು ಕಣ್ಣಾರೆ ನೋಡಿ ಈಚೆ ದಡದಲ್ಲೇ ತೀರಿಕೊಂಡ, ಅವನ ಸಮಾಧಿ ಎಲ್ಲಿದೆ ಎಂಬುದು ಯಾರಿಗೂ ತಿಳಿಯಲಿಲ್ಲ. "40 ವರ್ಷ ತಮ್ಮನ್ನು ನಡೆಸಿದವನನ್ನು ಆ ಜನರೂ ಈಚೆ ದಡದಲ್ಲೇ ಬಿಟ್ಟು ಹೋಗಬೇಕಾಯಿತು. ಹೂವಿಡಲು ಒಂದು ಗುಡ್ಡೆಯೂ ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಹೊಳೆ ದಾಟಿ ಬಂದರೆ ಆಯಿತು," ಎಂದಳು. ಇದು ಸಮಾಧಾನದ ಮಾತೋ ಅಲ್ಲವೋ ನನಗೆ ಆಗ ತಿಳಿಯಲಿಲ್ಲ. ಅಮ್ಮ ಮಾತ್ರ ಆ ವಾಕ್ಯವನ್ನು ಇನ್ನೊಮ್ಮೆ ಓದಿಸಿಕೊಂಡಳು.

ಅಜ್ಜಿಗೆ ಯೆಹೋಶುವನ ಮೊದಲ ಅಧ್ಯಾಯ ಬಾಯಿಪಾಠವಾಗಿದ್ದಕ್ಕೆ ಕಾರಣವಿತ್ತು. ಅದನ್ನೂ ಆ ಒಲೆಯ ಮುಂದೆಯೇ ಹೇಳಿದಳು. ಬಾಸೆಲ್ ಮಿಶನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರ ಮಾತು ಕೇಳಿ ಕ್ರೈಸ್ತರಾದವರು ಜಾತಿಯಿಂದ ಹೊರಗಾದರು, ಕೆಲವರಿಗೆ ಮನೆಯಲ್ಲಿ ಜಾಗವಿಲ್ಲ, ಗೇಣಿಗೆ ಗದ್ದೆಯಿಲ್ಲ, ಕುಲಕಸುಬೂ ಇಲ್ಲ. ನಮ್ಮ ಹಿರಿಯರೂ ಅವರಲ್ಲಿದ್ದರು. ಅಂಥವರಿಗೆ ಅನ್ನದ ದಾರಿಯಾಗಲೆಂದು ಮಿಶನಿನವರು ನೇಯ್ಗೆ ಹಾಕಿದರು, ಅಚ್ಚುಕೂಟ ಹಾಕಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಕೆಂಪು ಮಂಗಳೂರು ಹಂಚು ದೇಶವಿಡೀ ಹೋಯಿತು, ಕಡಲಾಚೆಗೂ ಹೋಯಿತು. ಅದರ ಹಿಂದೆ ಇದ್ದದ್ದು ಎಲ್ಲವನ್ನೂ ಕಳೆದುಕೊಂಡವರಿಗೆ ಒಂದು ಹೊತ್ತಿನ ಗಂಜಿ ಎಂಬ ಯೋಚನೆ. ನಮ್ಮ ಮನೆತನದ ಗಂಡಸರು ತಲೆಮಾರುಗಳಿಂದ ಮಣ್ಣು ತುಳಿದದ್ದು ಹೀಗೆ.

1914ರಲ್ಲಿ ಯುದ್ಧ ಶುರುವಾಯಿತು. ಅಜ್ಜಿಗೆ ಆಗ 9 ವರ್ಷ. ಮಿಶನರಿಗಳಲ್ಲಿ ಬಹಳಷ್ಟು ಜನ ಜರ್ಮನರು, ಆಳುತ್ತಿದ್ದವರು ಬ್ರಿಟಿಷರು. ಪಾಠ ಹೇಳಿದವರು, ಕಾಯಿಲೆಗೆ ಔಷಧಿ ಕೊಟ್ಟವರು, ಮದುವೆ ಮಾಡಿಸಿದವರು, ಸತ್ತರೆ ಮಣ್ಣು ಹಾಕಿದವರು, ಅವರಲ್ಲಿ ಜರ್ಮನರಾದವರನ್ನು ಹಿಡಿದು ನಿರ್ಬಂಧದಲ್ಲಿಟ್ಟರು, ಆಮೇಲೆ ಊರಿಗೆ ಕಳಿಸಿಬಿಟ್ಟರು. 1919ರ ಹೊತ್ತಿಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಕೈಗೆ ಹೋದವು. ಮಿಶನರಿ ದೊರೆಗಳಿಲ್ಲದೆ ಸಭೆ ಉಳಿಯುತ್ತದೆಯೇ ಎಂದು ಹಿರಿಯರು ಕಣ್ಣೀರು ಹಾಕಿದ್ದನ್ನು ಅಜ್ಜಿ ಕಂಡಿದ್ದಳು. ಆ ದಿನಗಳ ಒಂದು ಭಾನುವಾರ ನಮ್ಮವರೇ ಒಬ್ಬರು, ನಡುಗುವ ಧ್ವನಿಯವರು, ಪೀಠದ ಹಿಂದೆ ನಿಂತು ಓದಿದ್ದು ಯೆಹೋಶುವನ ಈ ಅಧ್ಯಾಯ. "ಅವರ ಕೈಯಲ್ಲಿ ಪುಸ್ತಕ ಅಲುಗಾಡುತ್ತಿತ್ತು. ನಾನು ಮುಂದಿನ ಚಾಪೆಯಲ್ಲಿ ಕೂತಿದ್ದೆ, ಕಂಡಿತು. ಹೆದರಿದವನೇ ಹೆದರಬೇಡಿ ಅಂತ ಓದುತ್ತಿದ್ದಾನಲ್ಲ ಅಂತ ನನಗೆ ಸೋಜಿಗ. ಓದಿ ಮುಗಿಸುವಾಗ ಅಲುಗಾಟ ನಿಂತಿತ್ತು," ಎಂದಳು.

ಆ ಅಧ್ಯಾಯದಲ್ಲಿ ಧೈರ್ಯವಾಗಿರು ಎಂಬ ಮಾತು ನಾಲ್ಕು ಸಲ ಬರುತ್ತದೆ. ಅಜ್ಜಿ ಅದನ್ನು ಬೆರಳು ಮಡಚಿ ಎಣಿಸಿ ತೋರಿಸಿದಳು. ಚಿಕ್ಕಂದಿನಿಂದ ಮೋಶೆಯ ನೆರಳಿನಲ್ಲಿ ಕೈಕೆಲಸ ಮಾಡಿಕೊಂಡಿದ್ದವನು ಯೆಹೋಶುವ, ಅವನ ಕಾಲು ನಡುಗಿರಲೇಬೇಕು. ಹೆದರದವನಿಗೆ ಹೆದರಬೇಡ ಎಂದು ಯಾರು ಅಷ್ಟು ಸಲ ಹೇಳುತ್ತಾರೆ? ಮೊದಲ ಮೂರು ಸಲ ಹೇಳಿದ್ದು ದೇವರು. ನಾಲ್ಕನೆಯ ಸಲ ಹೇಳಿದ್ದು ಎದುರಿಗೆ ನಿಂತ ಜನ. ತುಳುವಿಗೆ ಬಂದಾಗ ಅಜ್ಜಿ ಈ ನಾಲ್ಕನ್ನೂ ಒಂದೇ ಮಾತಿಗೆ ಇಳಿಸಿದಳು: ಪೋಡ್ಯೊಡ್ಚಿ. ಹೆದರಬೇಡ. ಜ್ವರ ಬಂದ ಮಗುವಿಗೆ, ಕತ್ತಲಲ್ಲಿ ಅಂಗಳಕ್ಕೆ ಇಳಿಯಲು ಅಂಜುವ ಮಗುವಿಗೆ ನಮ್ಮ ಮನೆಗಳಲ್ಲಿ ಹೇಳುವ ಮಾತು ಅದು. "ಮೂರು ಸಲ ಮೇಲಿನಿಂದ ಬರುತ್ತದೆ. ನಾಲ್ಕನೆಯದು ಪಕ್ಕದಿಂದ ಬರಬೇಕು. ಅದು ಬರದಿದ್ದರೆ ಮೂರೂ ಗಾಳಿಗೆ ಹೋಗುತ್ತವೆ," ಎಂದಳು. ನಾನು ಆಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಅಜ್ಜಿಯ ಈ ಎಣಿಕೆಯನ್ನು ಬೇರೆ ಎಲ್ಲಿಯೂ ಕೇಳಿಲ್ಲ, ಇದಕ್ಕಿಂತ ನಿಜವೆನಿಸಿದ್ದನ್ನೂ ಕೇಳಿಲ್ಲ.

ಆಟಿ ತಿಂಗಳು ಬಂತು. ತುಳುನಾಡಿನಲ್ಲಿ ಅದು ಹಸಿವಿನ ತಿಂಗಳು, ಮಳೆ ಬಿಡದ ತಿಂಗಳು. ಆ ವರ್ಷದ ಆಟಿಯನ್ನು ನೇತ್ರಾವತಿಯ ದಂಡೆಯವರು ಈಗಲೂ ಮರೆತಿಲ್ಲ. 1923ರ ನೆರೆಯ ನಂತರ ಅಂಥ ನೆರೆ ಬಂದಿರಲಿಲ್ಲ ಎನ್ನುತ್ತಾರೆ. ಮೇಲೆ ಬಂಟ್ವಾಳದ ಪೇಟೆ ಮುಳುಗಿತು. ನಮ್ಮ ಅಂಗಳದಿಂದ ನೋಡಿದರೆ ಹೊಳೆಗೆ ಆಚೆ ದಡವೇ ಇರಲಿಲ್ಲ. ಹುಲ್ಲಿನ ಬಣವೆಗಳು ಹಾಗೆಯೇ ತೇಲಿ ಹೋದವು, ಬೇರು ಸಮೇತ ತೆಂಗಿನ ಮರಗಳು ಹೋದವು, ಹಟ್ಟಿಯ ಮಾಡು ಹೋಯಿತು. ಕೆನ್ನೀರು ಅಂಗಳಕ್ಕೆ ಏರಿದ ರಾತ್ರಿ ಲೈನ್ ಮನೆಯವರೆಲ್ಲ ಹಂಚು ಒಣಗಿಸುವ ಎತ್ತರದ ಶೆಡ್ಡಿಗೆ ಹೋಗಿ ಮಲಗಿದೆವು. ಯಾರೋ ಮಧ್ಯದಲ್ಲಿ ಬೆಂಕಿ ಹಾಕಿದರು. ಹಸಿ ಹಂಚುಗಳ ಸಾಲುಗಳ ನಡುವೆ ಮಕ್ಕಳನ್ನು ಮಲಗಿಸಿ ದೊಡ್ಡವರು ಕುಳಿತರು. ಹೊಳೆಯ ಸದ್ದು ದೊಡ್ಡ ಬೀಸುಕಲ್ಲಿನ ಸದ್ದಿನ ಹಾಗೆ ನೆಲದೊಳಗಿನಿಂದ ಬರುತ್ತಿತ್ತು.

ಆ ಬೆಂಕಿಯ ಮುಂದೆ ಅಜ್ಜಿ ಕಥೆ ಮುಂದುವರಿಸಿದಳು. ಕೇಳುವವರು ಈಗ ಮೂವತ್ತು ನಲವತ್ತು ಜನ. ಯೆಹೋಶುವನ ಜನ ಯೊರ್ದನ್ ಹೊಳೆಯ ದಂಡೆಗೆ ಬಂದಾಗ ಅದು ದಡ ಮೀರಿ ಹರಿಯುತ್ತಿತ್ತು ಎಂದಳು, ಸುಗ್ಗಿಯ ಕಾಲದಲ್ಲಿ ಅದು ಯಾವಾಗಲೂ ಹಾಗೆ ಉಕ್ಕುತ್ತದಂತೆ. ನಾನು ಎದ್ದು ಕುಳಿತೆ. ಸುಗ್ಗಿಯಲ್ಲಿ ಹೊಳೆ ಬತ್ತಬೇಕಲ್ಲ ಅಜ್ಜಿ, ಉಕ್ಕುವುದು ಹೇಗೆ? ಅಜ್ಜಿಗೆ ಉತ್ತರ ತಿಳಿದಿರಲಿಲ್ಲ. ಅಲ್ಲಿನ ಹೊಳೆ ಹಾಗೆ, ಎಂದಳು. ಆ ನಾಡಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಜವೆಗೋದಿಯ ಕೊಯ್ಲಿನ ವಸಂತದಲ್ಲಿ ಹೆರ್ಮೋನ್ ಬೆಟ್ಟದ ಹಿಮ ಕರಗಿ ಯೊರ್ದನಿಗೆ ಇಳಿಯುತ್ತದೆ ಎಂದು ನಾನು ತಿಳಿದದ್ದು ದೊಡ್ಡವಳಾಗಿ ನಕಾಶೆ ನೋಡಿದ ಮೇಲೆ. ಅಂದು ನನಗೆ ಕಂಡದ್ದು ಇಷ್ಟೇ: ದೇವರು ದಾಟು ಎಂದದ್ದು ಹೊಳೆ ಬತ್ತಿದ ಕಾಲದಲ್ಲಲ್ಲ.

ಅಜ್ಜಿ ಮುಂದೆ ಹೇಳಿದ್ದನ್ನು ಅಮ್ಮ ಮೊಣಕಾಲಿಗೆ ಗಲ್ಲ ಒತ್ತಿ ಕೇಳುತ್ತಿದ್ದಳು. ಕೆಂಪು ಸಮುದ್ರದಲ್ಲಿ ಮೋಶೆ ಕೋಲು ಚಾಚಿದ, ರಾತ್ರಿಯೆಲ್ಲ ಗಾಳಿ ಬೀಸಿತು, ಮೊದಲು ದಾರಿಯಾಯಿತು, ಆಮೇಲೆ ಜನ ಇಳಿದರು. ಯೊರ್ದನಿನಲ್ಲಿ ಹಾಗಲ್ಲ. ಇಲ್ಲಿ ಕೋಲೂ ಇಲ್ಲ, ಮೋಶೆಯೂ ಇಲ್ಲ. ಒಡಂಬಡಿಕೆಯ ಮಂಜೂಷವನ್ನು ಹೊತ್ತ ಯಾಜಕರು ಉಕ್ಕುವ ನೀರಿಗೆ ಮೊದಲು ಕಾಲಿಡಬೇಕು. ಅಂಗಾಲು ಒದ್ದೆಯಾದ ಮೇಲೆ ನೀರು ನಿಲ್ಲುತ್ತದೆ. ಅದೂ ಅವರ ಕಣ್ಣೆದುರಿನಲ್ಲಿ ಅಲ್ಲ, ಮೇಲೆ ಬಹುದೂರ, ಆದಾಮ್ ಎಂಬ ಊರಿನ ಹತ್ತಿರ ನೀರು ರಾಶಿಯಾಗಿ ನಿಂತಿತು. ದಡದಲ್ಲಿ ನಿಂತವರಿಗೆ ಆ ಊರು ಕಾಣುವುದಿಲ್ಲ. ಅವರಿಗೆ ಕಂಡದ್ದು ಇಷ್ಟೆ, ಕಾಲಿನ ಸುತ್ತಲಿನ ನೀರು ಇಳಿಯುತ್ತಿದೆ. ಎಲ್ಲ ಜನರೂ, ಮಕ್ಕಳೂ ಮುದುಕರೂ ದಾಟುವ ತನಕ ಆ ಯಾಜಕರು ಹೊಳೆಯ ನಡುವೆ ನಿಂತೇ ಇದ್ದರು.

ಯೆಹೋಶುವನ ಪುಸ್ತಕದಲ್ಲಿ ಆಮೇಲೆ ಯುದ್ಧಗಳು ಬರುತ್ತವೆ, ಊರುಗಳು ಸುಡುತ್ತವೆ. ಅಜ್ಜಿ ಅಲ್ಲಿಗೆ ಹೋಗುತ್ತಿರಲಿಲ್ಲ. ನನಗೂ ಆ ಪುಟಗಳು ಇಂದಿಗೂ ಕಷ್ಟ. ಎಲ್ಲವನ್ನೂ ಕಳೆದುಕೊಂಡು ಹೊಳೆಯ ದಂಡೆಗೆ ಬಂದು ನಿಂತವರ ಪುಟಗಳು ಮಾತ್ರ ನಮ್ಮವಾಗಿದ್ದವು.

ನೆರೆ ಇಳಿಯಿತು, ಮನೆಯೊಳಗೆ ಮೊಣಕಾಲೆತ್ತರದ ಕೆಸರು ಬಿಟ್ಟುಹೋಯಿತು. ಸಭೆಯವರು ವಾರಕ್ಕೊಂದು ಸಣ್ಣ ಚೀಲ ಅಕ್ಕಿ ಕಳಿಸತೊಡಗಿದರು. ಅವರೂ ನೆರೆಯಲ್ಲಿ ಕಳೆದುಕೊಂಡವರೇ. ಆ ಅಕ್ಕಿಯಲ್ಲಿ ಬದುಕಿದೆವು.

ಆಗಸ್ಟ್ ಕೊನೆಗೆ, ಸೋಣ ತಿಂಗಳು ಹುಟ್ಟಿದ ಮೇಲೆ, ನಾವು ಹೊರಟೆವು. ಅಡ್ಯಾರಿನ ಕಡವಿನಿಂದ ಹರೇಕಳಕ್ಕೆ ದೋಣಿ. ಈಗ ಅಲ್ಲಿ ಕಿಂಡಿ ಅಣೆಕಟ್ಟು, ಅದರ ಮೇಲೆ ಸೇತುವೆ, ಐದು ನಿಮಿಷದ ದಾರಿ. ಅಂದು ಹೊಳೆ ಇನ್ನೂ ಕೆಂಪಾಗಿಯೇ ಇತ್ತು, ಅಗಲವಾಗಿಯೇ ಇತ್ತು. ಕಡವಿನ ಮೆಟ್ಟಿಲುಗಳು ನೀರಿನ ಅಡಿಯಲ್ಲಿದ್ದವು, ದೋಣಿ ದಡಕ್ಕೆ ತಾಗುವಂತಿರಲಿಲ್ಲ. ಹತ್ತಬೇಕಾದರೆ ಮೊಣಕಾಲುದ್ದ ನೀರಿಗೆ ಇಳಿದು ಹೋಗಬೇಕು. ಒಂದು ಟ್ರಂಕು, ಎರಡು ಚಾಪೆ, ಪಾತ್ರೆಯ ಗೋಣಿ, ಕಾಲು ಕಟ್ಟಿದ ಒಂದು ಹೇಂಟೆ. ಅಮ್ಮ ದಡದ ಕಲ್ಲಿನ ಮೇಲೆ ನಿಂತಳು. ನಿಂತವಳು ನಿಂತೇ ಇದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಅಜ್ಜಿ ಸತ್ಯವೇದವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. 69 ವರ್ಷದ ಹೆಂಗಸು. ಯಾರಿಗೂ ಏನೂ ಹೇಳದೆ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಒಂದು ಹೆಜ್ಜೆ, ಇನ್ನೊಂದು, ಮೊಣಕಾಲು ಮುಳುಗಿತು. ಅವಳು ದೋಣಿ ಹತ್ತಲಿಲ್ಲ. ಅದರ ಪಕ್ಕದಲ್ಲಿ, ಹರಿವಿಗೆ ಬೆನ್ನು ಕೊಟ್ಟು, ಪುಸ್ತಕ ಹಿಡಿದುಕೊಂಡು ನಿಂತಳು. ನಾನು ಇಳಿದೆ. ತಮ್ಮನನ್ನು ದೋಣಿಯವರು ಎತ್ತಿ ಒಳಗಿಟ್ಟರು. ಟ್ರಂಕು ಹೋಯಿತು, ಗೋಣಿ ಹೋಯಿತು, ಹೇಂಟೆ ಹೋಯಿತು. ಅಜ್ಜಿ ಅಲ್ಲೇ ನಿಂತಿದ್ದಳು.

ದೋಣಿಯವರು ಆಚೆ ದಡದ ಬ್ಯಾರಿ ಮುದುಕರು. ತಲೆಗೆ ವಸ್ತ್ರ ಸುತ್ತಿದ್ದರು, ಕೈಯಲ್ಲಿ ಉದ್ದನೆಯ ಜಲ್ಲೆ. ನಮ್ಮ ಸಂಗತಿಯೇನೂ ಅವರಿಗೆ ತಿಳಿದಿರಲಿಲ್ಲ. ಬಿಳಿ ಸೀರೆಯ ಹೆಂಗಸೊಬ್ಬಳು ನೀರು ನೋಡಿ ನಡುಗುತ್ತಿದ್ದುದು ಮಾತ್ರ ಕಂಡಿರಬೇಕು. ಜಲ್ಲೆಯನ್ನು ನೀರೊಳಗೆ ಊರಿ, ಅದರ ಇನ್ನೊಂದು ತುದಿಯನ್ನು ಅಮ್ಮನ ಕೈಗೆ ಎಟಕುವಂತೆ ಬಾಗಿಸಿ, ನಮ್ಮದೇ ತುಳುವಿನಲ್ಲಿ ಹೇಳಿದರು: "ಪೋಡ್ಯೊಡ್ಚಿ ಅಕ್ಕಾ."

ಅಜ್ಜಿ ನೀರಿನ ನಡುವಿನಿಂದ ಅಮ್ಮನತ್ತ ತಿರುಗಿದಳು. ಒಂದು ಕೈಯಲ್ಲಿ ಪುಸ್ತಕ. ಇನ್ನೊಂದು ಕೈ ಮೇಲೆತ್ತಿ ಹೆಬ್ಬೆರಳು ಮಡಚಿ ನಾಲ್ಕು ಬೆರಳು ತೋರಿಸಿದಳು.

ಅಮ್ಮ ಕಲ್ಲಿನಿಂದ ಇಳಿದಳು.

ದೋಣಿಯಲ್ಲಿ ಅವಳು ಕಣ್ಣು ಮುಚ್ಚಲಿಲ್ಲ ಎಂಬುದು ನನಗೆ ನೆನಪಿದೆ, ಯಾಕೆಂದರೆ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಡುಹೊಳೆಯಲ್ಲಿ ದೋಣಿ ಒಮ್ಮೆ ಅಡ್ಡ ತಿರುಗಿದಾಗ ನನ್ನ ಭುಜವನ್ನು ಹಿಡಿದ ಅವಳ ಉಗುರಿನ ಗುರುತು ಎರಡು ದಿನ ಇತ್ತು.

ಹರೇಕಳದ ಗುಡಿಸಲು ಸೋರುತ್ತಿತ್ತು. ಹಂಚು ಸುಟ್ಟು ಬದುಕಿದ ಮನೆಯವರು ಮುಳಿಹುಲ್ಲಿನ ಮಾಡಿನ ಕೆಳಗೆ ಮಲಗಿದೆವು. ಸುತ್ತಲಿನ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಮೂರನೇ ದಿನವೇ ಪಕ್ಕದ ಮನೆಯ ಬ್ಯಾರ್ದಿ ಹೆಂಗಸು ತಡ್ಪೆ ಎಂಬ ಮೊರ ತಂದು ಅಮ್ಮನ ಮಡಿಲಿಗಿಟ್ಟು, ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಮಾಡಿ ನೂಲು ಸುತ್ತುವುದು ಕಲಿಸಿಕೊಟ್ಟಳು. ಮೊದಲ ವಾರ ಕಟ್ಟಿದ್ದರಲ್ಲಿ ಅರ್ಧ ತಿರಸ್ಕಾರವಾಯಿತು. ಸಾವಿರಕ್ಕೆ ಇಷ್ಟು ಎಂದು ಲೆಕ್ಕ, ಸಡಿಲವಾದದ್ದು ಎಣಿಕೆಗೆ ಸೇರುವುದಿಲ್ಲ. ಅಮ್ಮ ರಾತ್ರಿ ಒಲೆಯ ಬೆಳಕಿನಲ್ಲೂ ಕಟ್ಟಿದಳು. ಅಜ್ಜಿ ನೂಲು ಸುತ್ತುವುದು ಕಲಿತಳು, ನಾನು ಶಾಲೆಯಿಂದ ಬಂದು ಎಲೆ ಕತ್ತರಿಸುತ್ತಿದ್ದೆ. ಸಭೆಯ ಅಕ್ಕಿ ವಾರಕ್ಕೊಮ್ಮೆ ದೋಣಿಯಲ್ಲಿ ಬರುತ್ತಲೇ ಇತ್ತು.

ಅಕ್ಟೋಬರ್ ತಿಂಗಳ ಒಂದು ಶನಿವಾರ ಅಮ್ಮ ಬೀಡಿಯ ಹಣದಲ್ಲಿ ಒಂದು ವಾರದ ಅಕ್ಕಿ ತಂದಳು, ಸ್ವಲ್ಪ ಬಂಗುಡೆಯನ್ನೂ ತಂದಳು. ಅಂದು ಊಟವಾದ ಮೇಲೆ ಅಜ್ಜಿ ಪುಸ್ತಕ ತೆಗೆದು ಯೆಹೋಶುವನ ಐದನೆಯ ಅಧ್ಯಾಯದ ಒಂದು ಸಣ್ಣ ಸಂಗತಿ ಓದಿದಳು. ಜನ ಹೊಳೆ ದಾಟಿ ಆ ನೆಲದ ಬೆಳೆಯನ್ನು ಉಂಡರು, ಅದರ ಮರುದಿನವೇ ಮನ್ನ ನಿಂತಿತು. 40 ವರ್ಷ ಆಕಾಶದಿಂದ ಬಿದ್ದ ಆ ಆಹಾರ ಇನ್ನು ಬೀಳಲಿಲ್ಲ. ನನಗೆ ಅದು ಶಿಕ್ಷೆಯ ಹಾಗೆ ಕೇಳಿಸಿತು. ಯಾಕೆ ನಿಲ್ಲಿಸಿದ ಅಜ್ಜಿ, ತಪ್ಪು ಮಾಡಿದರಾ? ಎಂದು ಕೇಳಿದೆ. ಅಜ್ಜಿ ಉತ್ತರಿಸುವ ಮೊದಲೇ ಅಮ್ಮ ತಡ್ಪೆ ಬದಿಗಿಟ್ಟಳು.

"ನಾಳೆ ನಾನು ಆಚೆ ದಡಕ್ಕೆ ಹೋಗುತ್ತೇನೆ," ಎಂದಳು. "ಅಕ್ಕಿ ಇನ್ನು ನಮಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಅಂತ ಹೇಳಬೇಕು. ಅವರ ಚೀಲಗಳೂ ಇವೆ."

ನಾನೂ ಬರುತ್ತೇನೆ ಎಂದೆ. ಬೇಡ ಎಂದಳು. ಭಾನುವಾರ ಬೆಳಗ್ಗೆ ತೊಳೆದು ಒಣಗಿಸಿ ಮಡಚಿದ ಏಳು ಚೀಲಗಳನ್ನು ಕಂಕುಳಲ್ಲಿಟ್ಟು ಕಡವಿಗೆ ಹೋದಳು. ನಾನು ದಡದ ತನಕ ಹಿಂದೆ ಹೋದೆ. ನೀರು ಇಳಿದಿತ್ತು, ಮೆಟ್ಟಿಲು ಕಾಣುತ್ತಿದ್ದವು. ಅಮ್ಮ ಕೆಳಗಿನ ಮೆಟ್ಟಿಲಿನಲ್ಲಿ ಒಂದು ಗಳಿಗೆ ನಿಂತು, ನೀರಿಗೆ ಕಾಲಿಟ್ಟು, ಆಮೇಲೆ ದೋಣಿ ಹತ್ತಿದಳು. ಹತ್ತಲು ಅಂದು ಕಾಲು ಒದ್ದೆ ಮಾಡಿಕೊಳ್ಳಬೇಕಾಗಿರಲಿಲ್ಲ.

ಸಂಜೆ ಬಂದಾಗ ಸೆರಗಿನೊಳಗೆ ಏನೋ ಇತ್ತು. ದೇವಾಲಯಕ್ಕೆ ಹೋಗಿದ್ದಳು, ಸಮಾಧಿಗೆ ಹೋಗಿ ಹುಲ್ಲು ಕಿತ್ತು ಬಂದಿದ್ದಳು, ಹಳೆಯ ಲೈನ್ ಮನೆಯ ಹಿತ್ತಿಲಿಗೂ ಹೋಗಿದ್ದಳು. ಅಲ್ಲಿ ಒಡೆದ ಹಂಚುಗಳ ರಾಶಿಯಲ್ಲಿ ಹುಡುಕಿ ಒಂದು ಇಡೀ ಹಂಚು ತಂದಿದ್ದಳು. ಒಂದು ಮೂಲೆ ಭಟ್ಟಿಯ ಬೆಂಕಿಗೆ ಕಪ್ಪಾಗಿತ್ತು. ಅಪ್ಪ ಬೆಂಕಿ ನೋಡಿದ ಹಂಚು ಹೌದೋ ಅಲ್ಲವೋ ಹೇಳಲಾಗುವುದಿಲ್ಲ, ಆದರೂ ಅವಳು ಅದನ್ನು ಮಗುವಿನ ಹಾಗೆ ಹಿಡಿದುಕೊಂಡು ಬಂದಿದ್ದಳು.

ಯೊರ್ದನ್ ದಾಟುವಾಗ 12 ಜನ ಹೊಳೆಯ ನಡುವಿನಿಂದ ಒಂದೊಂದು ಕಲ್ಲು ಹೆಗಲ ಮೇಲೆ ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರಲ್ಲ, ಮಕ್ಕಳು ಕೇಳಿದರೆ ಹೇಳಲು. ಅಜ್ಜಿ ಆ ಕಥೆ ಹೇಳುತ್ತಾಳೆಂದು ನಾನು ಕಾದೆ. ಅವಳು ಹೇಳಲಿಲ್ಲ. ಹಂಚನ್ನು ತಿರುಗಿಸಿ ನೋಡಿದಳು, ಬೆರಳಲ್ಲಿ ತಟ್ಟಿ ಸದ್ದು ಕೇಳಿದಳು, ಚೆನ್ನಾಗಿ ಬೆಂದಿದೆ ಎಂದಳು. ನಮ್ಮ ಕಡೆ ಓಡು ಎಂದರೆ ಮಾಡಿನ ಹಂಚೂ ಹೌದು, ಹುರಿಯುವ ಮಣ್ಣಿನ ಬಾಣಲೆಯೂ ಹೌದು. ಅದನ್ನು ತೊಳೆದು ಒಲೆಯ ಮೇಲೆ ಅಂಗಾತ ಇಟ್ಟಳು. ಮಳೆಗಾಲಕ್ಕೆಂದು ಇಟ್ಟಿದ್ದ ಹಲಸಿನ ಬೀಜಗಳಲ್ಲಿ ಕೊನೆಯ ಒಂದು ಹಿಡಿ ಉಳಿದಿತ್ತು. ಸಿಪ್ಪೆ ಬಿಡಿಸಿ ಹಂಚಿನ ಮೇಲೆ ಹಾಕಿದಳು. ಬೀಜಗಳು ಬಿಸಿಗೆ ಹೊರಳಿದವು, ಒಂದೊಂದಾಗಿ ಸಿಡಿದವು. ಅಮ್ಮ ಒದ್ದೆ ಕಾಲುಗಳನ್ನು ಬೆಂಕಿಯ ಕಡೆ ಚಾಚಿ ಕುಳಿತಳು. ತಮ್ಮ ಮೊದಲನೆಯ ಬೀಜ ತೆಗೆದು, ಬಿಸಿಗೆ ಕೈಯಿಂದ ಕೈಗೆ ಹಾರಿಸಿ, ಅವಳ ಕೈಗೆ ಹಾಕಿದ.